ಆರು ಕೆಜಿ ಹಿಂಡಿ, ಒಂದು ಗೆಂಡಿ: ಹಾನಗಲ್ಲ ಕಡಿ ಕೆರಿಯೊಂದರಾಗ ನಡೆದ ಗಾಳದ ಪ್ರಕರಣ

ಗಾಳದ ಸುದ್ದಿ ಅಂದ್ರ ಎಲ್ಲಾರೂ ದೊಡ್ಡ ಮೀನ ಎತ್ತಿ ಹಿಡಕೊಂಡ ಫೋಟೋ ಅಷ್ಟ ತೋರಸ್ತಾರ, ಅದಕ್ಕಿಂತ ಮುಂಚೆ ರಾತ್ರಿಪೂರ್ತಿ ಏನಾತು, ಯಾರು ಯಾವಾಗ ಏನ್ ತೀರ್ಮಾನ ತಗೊಂಡ್ರು, ಅದರಾಗ ಯಾವುದು ಕೆಲಸ ಮಾಡ್ತು ಯಾವುದು ಕೈ ಕೊಡ್ತು ಅನ್ನೂದನ್ನ ಯಾರೂ ಹೇಳಂಗಿಲ್ಲ. ಹೊಸದಾಗಿ ಗಾಳ ಹಿಡಿಯೋರಿಗೆ ಬೇಕಾಗಿದ್ದು ಖರೇ ಅಂದ್ರ ಅದ. ಅದಕ್ಕ ಈ ಒಂದ ಪ್ರಕರಣ ಪೂರ್ತಿ ಬರ್ಯಾಕತ್ತೀನಿ. ಮಂದಿ ಹೆಸರು ಹೇಳಂಗಿಲ್ಲ, ಕೆರಿ ಹೆಸರೂ ಹೇಳಂಗಿಲ್ಲ, ಹೇಳಿದ್ರ ಮುಂದಿನ ಐತವಾರ ಅಲ್ಲಿ ಜಾತ್ರಿ ಆಕ್ಕೈತಿ.

ಯಾರು, ಎಲ್ಲಿ

ಮೂರು ಮಂದಿ. ಒಬ್ರು ಧಾರವಾಡದಾಗ ಹೈಸ್ಕೂಲ್ ಮಾಸ್ತರ್ರು, ಇನ್ನೊಬ್ಬಾಂವ ಹುಬ್ಬಳ್ಳ್ಯಾಗ ಬೈಕ್ ಗ್ಯಾರೇಜ್ ಇಟ್ಟಿರೂ ಹುಡುಗ, ಮೂರನೇದವ್ರು ಮಾಸ್ತರ್ರ ತಾಯಿ ತವರಮನಿ ಊರಿನ ಕಾಕಾ, ಅರವತ್ತು ದಾಟ್ಯಾವ, ಸಣ್ಣಾಂವ ಇದ್ದಾಗಿಂದ ವರದಾ ಹೊಳ್ಯಾಗ ಗಾಳ ಹಾಕಿದ ಮನಷ್ಯಾ. ನಾನು ಗಾಳ ಮುಟ್ಟಲಿಲ್ಲ. ಚಹಾ ಕಾಸೂದು, ಬ್ಯಾಟ್ರಿ ಹಿಡಿಯೂದು, ಇವ್ರ ಜಗಳ ಕೇಳೂದು, ಇಷ್ಟ ನನ್ನ ಕೆಲಸ, ಹಿಂಗಾಗಿ ಎಷ್ಟೊತ್ತಿಗೆ ಏನಾತು ಅಂತ ಮೊಬೈಲ್ನ್ಯಾಗ ಬರಕೊಳ್ಳಾಕ ಪುರಸೊತ್ತ ಸಿಕ್ತು.

ಕೆರಿ ಹಾನಗಲ್ಲ ಕಡಿದು. ಅಲ್ಲಿ ಅರ್ಧ ಮಲೆನಾಡು ಅರ್ಧ ಬಯಲಸೀಮಿ, ಭತ್ತದ ಗದ್ದಿ, ಊರೂರಿಗೆ ಕೆರಿ. ಈ ಕೆರಿಗೆ ಮೂಡಲ ದಿಕ್ಕಿಗೆ ಕಲ್ಲಿನ ಪಿಚಿಂಗ್ (ಇಳಿಜಾರಿಗೆ ಹಾಸಿದ ಕಲ್ಲು) ಹಾಕಿದ ಏರಿ, ಏರಿ ನಡುವ ತೂಬು, ಎದುರಿಗೆ ಪಡುವಲ ಕಡಿ ಹಳ್ಳ ಬಂದು ಕೂಡೂ ಜಾಗ, ಅಲ್ಲಿ ಪೂರಾ ಆಪು (ಜೊಂಡು ಹುಲ್ಲು) ಬೆಳದೈತಿ. ಮೀನಿನ ಹಕ್ಕು ಒಬ್ಬ ಗುತ್ತಿಗೆದಾರಂದು. ಅವನ ಕಡಿಂದ ಮೊದಲ ಒಪ್ಪಿಗಿ ತಗೊಂಡಿದ್ರು, ಗಾಳಕ್ಕ ಇಷ್ಟು ಅಂತ ರೊಕ್ಕ, ಮ್ಯಾಲ ಹಿಡದ ಮೀನಕ್ಕ ಕೆಜಿ ಲೆಕ್ಕ, ಕಾಟ್ಲಾ ರೋಹುಕ್ಕ ಜಾಸ್ತಿ, ಗೆಂಡಿಗೆ ಅಂದ್ರ ಕಾಮನ್ ಕಾರ್ಪಿಗೆ ಕಮ್ಮಿ. ನೋಡ್ಕೊಳ್ಳಾಕ ಒಬ್ಬ ಕಾವಲಿನಾಂವ ಇದ್ದ, ಅವನ ಸುದ್ದಿ ಮುಂದ ಬರ್ತೈತಿ.

ಈ ರೇಟ್ ಫರಕಿಗೆ ಕಾರಣ ಐತಿ. ಕಾಟ್ಲಾ, ರೋಹು, ಮೃಗಾಲ್ ಇವು ಹೊಳಿ ಮೀನ, ನಿಂತ ನೀರಾಗ ಮೊಟ್ಟಿ ಇಡಂಗಿಲ್ಲ, ಅದಕ್ಕ ಪ್ರತಿ ವರ್ಷ ಮರಿ ತಂದು ಬಿಡಬೇಕು. ಆ ಮರಿ ಸುದ್ದಾ ಈಗ ಸಲೀಸಾಗಿ ಸಿಗ್ತಾವ ಅಂದ್ರ ಅದಕ್ಕ 1957ರ ಜುಲೈ 10ಕ್ಕ ಒಡಿಶಾದಾಗ ಹೀರಾಲಾಲ್ ಚೌಧುರಿ ಅವ್ರು ಪಿಟ್ಯುಟರಿ (ಮಿದುಳಿನ ಕೆಳಗಿನ ಗ್ರಂಥಿ) ರಸದ ಇಂಜೆಕ್ಷನ್ ಕೊಟ್ಟು ಈ ಜಾತಿ ಮೀನಿನ ಮರಿ ಮಾಡಿಸಿದ್ದ ಕಾರಣ, ಅದ ತಾರೀಖನ್ನ ಈಗ ಮೀನು ಕೃಷಿಕರ ದಿನ ಅಂತ ಮಾಡ್ತಾರ. ಸಾಮಾನ್ಯ ಗೆಂಡಿ ಹಂಗಲ್ಲ. ಅದು ಹೊರಗಿನ ಮೀನ, 1939ರಾಗ ನೀಲಗಿರಿಗೆ ಬಂತು, ಬ್ಯಾಂಕಾಕ್ ತಳಿ 1957ರಾಗ ಬಂತು, ಮತ್ತ ಅದು ಕೆರ್ಯಾಗ ತಾನ ಮೊಟ್ಟಿ ಇಟ್ಟು ತಾನ ಬೆಳೀತೈತಿ. ಗುತ್ತಿಗೆದಾರಗ ಗೆಂಡಿ ಹ್ವಾದ್ರ ಅಷ್ಟೇನ್ ಹೊಟ್ಟಿ ಉರಿಯಂಗಿಲ್ಲ.

ಸೀಗಿ ಹುಣ್ಣಿಮಿ ಹತ್ರ ಬಂದಿತ್ತು. ಕೆರಿ ಕೋಡಿ ಬಿದ್ದು ತುಂಬಿ ನಿಂತಿತ್ತು. ಎರಡ್ಮೂರು ದಿನದಿಂದ ಮೋಡ ಕಟ್ಟಿ ಬಿಸಲ ಬಿದ್ದಿರಲಿಲ್ಲ, ಗಾಳಿ ಅಂಬೂದ ಇರಲಿಲ್ಲ. ಈ ಮೋಡದ ಮಾತು ನೆನಪಿಟ್ಟಕೋರಿ, ಪ್ರಕರಣದ ಅರ್ಧ ಇದರ ಮ್ಯಾಲ ನಿಂತೈತಿ.

ಸಾಮಾನು ಮತ್ತ ಮೊದಲನೇ ತೀರ್ಮಾನ

ಮಾಸ್ತರ್ರು ಎರಡು ಕಾರ್ಪ್ ರಾಡ್, ದೊಡ್ಡ ರೀಲ್, 0.35 ಎಂಎಂ ನೈಲಾನ್ ದಾರ. ಹೇರ್ ರಿಗ್ ಕಟ್ಟಿದ್ರು, ಅಂದ್ರ ಗಾಳದ ಮುಳ್ಳು ಖಾಲಿ ಇರ್ತೈತಿ, ಮುಳ್ಳಿನ ಹಿಂದ ಸಣ್ಣ ದಾರಕ್ಕ ಕಾಳು ಪೋಣಿಸಿರ್ತಾರ. ಗೆಂಡಿ ತಿನ್ನೂ ಪದ್ಧತಿ ಏನಪಾ ಅಂದ್ರ ಒಳಗ ಎಳಕೊಂಡು ನೋಡಿ ಉಗಳೂದು, ಉಗಳಬೇಕಾದ್ರ ಖಾಲಿ ಮುಳ್ಳು ತುಟಿಗೆ ಚುಚ್ಚತೈತಿ. ಇಂಗ್ಲೆಂಡಿನ ಗಾಳದವ್ರು 1980ರ ಆಸುಪಾಸು ಕಂಡು ಹಿಡದಿದ್ದು. ಕಾಳು ಅಂದ್ರ ಗೋವಿನಜೋಳ, ಒಂದ ದಿನ ನೆನಸಿ ಅರ್ಧ ತಾಸು ಕುದಿಸಿದ್ದು. ಹಸಿ ಕಾಳು ಹಾಕಬಾರದು, ಮೀನಿನ ಹೊಟ್ಟ್ಯಾಗ ಹೋಗಿ ಉಬ್ಬತೈತಿ.

ಹುಡುಗಂದು ಸ್ಪ್ರಿಂಗ್ ಗಾಳ, ತಂತಿ ಸುರುಳಿ ಸುತ್ತ ಹಿಂಡಿ ಉಂಡಿ ಮೆತ್ತಿ ಐದಾರು ಮುಳ್ಳು ಅದರಾಗ ಚುಚ್ಚೂದು. ಕಾಕಾನ ಹತ್ರ ಒಂದು ಬಿದಿರಿನ ಕೋಲು, ಜೋಳದ ದಂಟಿನ ಬೆಂಡು, ಎರಿಹುಳದ ಡಬ್ಬಿ, ಎಲಿ ಅಡಕಿ ಚೀಲ.

ಮ್ಯಾಲ ಆರು ಕೆಜಿ ತಿನಿಸು ಕಲಸಿಕೊಂಡು ಬಂದಿದ್ರು. ಶೇಂಗಾ ಹಿಂಡಿ ಅರ್ಧ, ಅಕ್ಕಿ ತೌಡು ಅರ್ಧ, ಬೆಲ್ಲ. ತಿನಿಸೇನೂ ತಪ್ಪಲ್ಲ, ಮೀನು ಸಾಕೋರು ಕೆರಿಗೆ ಹಾಕೂದು ಇದ ಹಿಂಡಿ ತೌಡ.

ಸಂಜಿ ಐದಕ್ಕ ಏರಿ ಮ್ಯಾಲ ಕುಂತ್ರು. ಕುಂತ ಐದ ಮಿನಿಟಿನ್ಯಾಗ ಕೆರಿ ನಟ್ಟನಡುವ ದೊಡ್ಡ ಮೀನು ಧಡ್ ಅಂತ ಹಾರಿತು. ಹಾರಿದ್ದ ತಡ ಮಾಸ್ತರ್ರು ಎದ್ದು ಅಲ್ಲಿಗೇ ಎರಡೂ ಗಾಳ ಬೀಸಿದ್ರು, ಅರವತ್ತ ಎಪ್ಪತ್ತ ಮೀಟರ್ ಇದ್ದೀತು, ಹುಡುಗ ಹಿಂಡಿ ಉಂಡಿ ಕಟ್ಟಿ ಕವಣಿಲೇ ಅಲ್ಲಿಗೇ ಹೊಡ್ಯಾಕತ್ತಿದ. ಕಾಕಾ ಒಂದ ಮಾತು ಅಂದ್ರು, "ತಮ್ಮಾ, ಹಾರಿದ್ದು ಕಾಟ್ಲಾ ಐತಿ, ನೀವು ಉಣ್ಣಾಕ ಬಡಸಾಕತ್ತಿದ್ದು ತಳದಾಗ." ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ.

ಕಾಕಾ ಹೇಳಿದ್ದು ಬರೋಬ್ಬರಿ ಇತ್ತು. ಕಾಟ್ಲಾದ ಬಾಯಿ ಮ್ಯಾಲ ತಿರುಗಿರ್ತೈತಿ, ಅದು ಮ್ಯಾಲಿನ ನೀರಾಗ ಸೂಕ್ಷ್ಮ ಜೀವಿ ಸೋಸಿ ತಿನ್ನೂ ಮೀನ. ರೋಹು ನಡು ನೀರಿಂದು. ತಳ ಕೆದರೂದು ಮೃಗಾಲ್ ಮತ್ತ ಗೆಂಡಿ. ಮ್ಯಾಲ ಹಾರೂ ಮೀನ ನೋಡಿ ತಳದ ಗಾಳ ಹಾಕೂದು ಹೊಸಬ್ರು ಹಳಬ್ರು ಎಲ್ಲಾರೂ ಮಾಡೂ ಕೆಲಸ, ಕಣ್ಣಿಗೆ ಕಂಡಿದ್ದನ್ನ ಬಿಡಾಕ ಮನಸ ಆಗಂಗಿಲ್ಲ.

ರಾತ್ರಿ

ಎಂಟರಿಂದ ಹನ್ನೊಂದರ ತನಕ ಬರೇ ಜಿಲೇಬಿ (ತಿಲಾಪಿಯಾ) ಮೀನಿನ ಕಾಟ. ಅಂಗೈ ಅಗಲದ ಮೀನು, ಹಿಂಡಿ ಚಿಮುಟಿ ಚಿಮುಟಿ ಒಯ್ಯೂದು. ಹುಡುಗ ಸ್ಪ್ರಿಂಗ್ ಎಳದು ಎಳದು ಹೊಸಾ ಉಂಡಿ ಮೆತ್ತೂದು, ಪ್ರತಿ ಸಲ ಧಪ್ ಅಂತ ನೀರಿಗೆ ಒಗ್ಯೂದು. ಮಾಸ್ತರ್ರ ಗೋವಿನಜೋಳಕ್ಕ ಜಿಲೇಬಿ ಕಾಟ ಕಮ್ಮಿ, ಕಾಳು ಗಟ್ಟಿ ಇರ್ತೈತಲ್ಲ.

ಹನ್ನೊಂದೂವರಿಗೆ ಮಾಸ್ತರ್ರ ರಾಡಿನ ಗಂಟಿ ಒಮ್ಮೆ ಟಿಣ್ ಅಂತು, ಸುಮ್ಮಾತು. ಮತ್ತ ಹತ್ತ ಮಿನಿಟ ಬಿಟ್ಟು ಟಿಣ್. ಓಡಿ ಹೋಗಿ ಜಗ್ಗಿದ್ರು, ಏನೂ ಇಲ್ಲ. ಇದು ಮೀನು ತಿಂದಿದ್ದಲ್ಲ, ನಡು ನೀರಾಗ ಹಾಯೂ ಮೀನು ದಾರಕ್ಕ ಮೈ ತಾಗಿಸಿಕೊಂಡು ಹೋಗಿದ್ದು. ಅಷ್ಟು ದೂರ ಒಗದ್ರ ಅಷ್ಟುದ್ದ ದಾರ ನೀರಾಗ ಅಡ್ಡ ಇರ್ತೈತಿ, ತಾಗಿದ ಪ್ರತಿ ಸಲ ಜಗ್ಗಿದ್ರ ಇದ್ದ ಮೀನೂ ಬೆದರಿ ಹೋಗ್ತಾವ. ಮಾಸ್ತರ್ರು ಏನ್ ಮಾಡಿದ್ರು ಅಂದ್ರ ಗಂಟಿ ಚೊಲೊ ಬಡೀಲಿ ಅಂತ ರೀಲಿನ ಡ್ರ್ಯಾಗ್ (ಮೀನ ಜಗ್ಗಿದಾಗ ದಾರ ಎಷ್ಟು ಸಲೀಸ ಬಿಡಬೇಕು ಅನ್ನೂ ಬ್ರೇಕು) ಪೂರ್ತಿ ಬಿಗಿ ಮಾಡಿ, ರಾಡ್ ಕೆಳಗ ಮಾಡಿ ಕಲ್ಲಿನ ಸಂದ್ಯಾಗ ಇಟ್ರು, ದಾರ ಪಿಚಿಂಗ್ ಕಲ್ಲಿನ ಮ್ಯಾಲ ಹಾದು ನೀರಿಗಿಳೀತು. ನೋಡಾಕ ಸಣ್ಣ ಕೆಲಸ, ಮುಂಜಾನೆ ಇದರ ಬಿಲ್ ಬಂತು.

ನಡುರಾತ್ರಿ ಜಿಬುರು ಮಳಿ. ತಾಡಪಾಲಿನ ಕೆಳಗ ಕುಂತು ರೊಟ್ಟಿ, ಶೇಂಗಾ ಚಟ್ನಿ, ಮಾಸ್ತರ್ರ ಮನಿ ಬದನಿಕಾಯಿ ಪಲ್ಯೆ. ಅದೊಂದ ಆ ರಾತ್ರಿ ಸರಿ ಆಗಿದ್ದು.

ಮುಂಜಾನೆ ಆರು: ದೊಡ್ಡ ಗೊಂದಲ

ಬೆಳಕ ಹರಿಯೂದ್ರಾಗ ಕೆರಿ ತುಂಬ ಮೀನ ಮೂತಿ ಮ್ಯಾಲ ಮಾಡಿ ಬಾಯಿ ತಗದು ಮುಚ್ಚಾಕತ್ತಿದ್ದು. ನೂರಾರು. ಹುಡುಗ ಕುಣ್ಯಾಕ ಬಿದ್ದ, "ಸರ್ರ, ಹಸದಾವ ನೋಡ್ರಿ, ಎಲ್ಲಾ ಹಾಕಿ ಬಿಡೂಣ." ಉಳದ ಹಿಂಡಿ, ಎರಡು ಕೆಜಿ ಮ್ಯಾಲ ಇತ್ತು, ಅಷ್ಟನ್ನೂ ಮಾಸ್ತರ್ರು ಹುಡುಗ ಕೂಡಿ ಕಾಲ್ತಾಸಿನ್ಯಾಗ ನೀರಿಗೆ ಹಾಕಿದ್ರು. ಕಾಕಾ ಎಲಿ ಹಾಕ್ಕೋತ "ಅವು ಉಣ್ಣಾಕ ಬಂದಿಲ್ಲೋ, ಉಸಿರಾಡಾಕ ಬಂದಾವ" ಅಂದ್ರು. ಮಾಸ್ತರ್ರು ವಿಜ್ಞಾನ ಕಲಸೂ ಮನಷ್ಯಾ, ಗಕ್ಕನ ನಿಂತ್ರು, ಆದ್ರ ಅಷ್ಟೊತ್ತಿಗೆ ಬಕೆಟ್ ಖಾಲಿ.

ಇಲ್ಲಿ ಒಂದ್ಸಲ ನಿಂತು ನೋಡಬೇಕು. ನೀರಿನ್ಯಾಗ ಆಮ್ಲಜನಕ ಬರೂದು ಒಂದು ಗಾಳಿಯಿಂದ, ಇನ್ನೊಂದು ಹಗಲಿನ್ಯಾಗ ಪಾಚಿ ಜೊಂಡು ಬಿಸಲಿಗೆ ತಯಾರು ಮಾಡೂದ್ರಿಂದ. ರಾತ್ರಿ ಅದ ಪಾಚಿ ತಾನೂ ಉಸಿರಾಡಿ ಆಮ್ಲಜನಕ ಖರ್ಚ ಮಾಡ್ತೈತಿ. ಹಿಂಗಾಗಿ ಇಪ್ಪತ್ನಾಕ ತಾಸಿನ್ಯಾಗ ಎಲ್ಲಕ್ಕಿಂತ ಕಮ್ಮಿ ಇರೂದು ಸೂರ್ಯಾ ಹುಟ್ಟೂ ಹೊತ್ತಿಗೆ. ಮ್ಯಾಲ ಎರಡ್ಮೂರು ದಿನ ಮೋಡ, ಗಾಳಿ ಇಲ್ಲ, ಅಂದ್ರ ಜಮಾ ಕಮ್ಮಿ, ಖರ್ಚ ಮೊದಲಿನಷ್ಟ. ಅದಕ್ಕ ಮೀನ ಮ್ಯಾಲ ಬಂದು ಬಾಯಿ ಬಡಕೋತಿದ್ವು. ಆ ಹೊತ್ತಿಗೆ ಯಾವ ಮೀನೂ ತಿನ್ನಂಗಿಲ್ಲ, ತಿಂದದ್ದು ಕರಗಸಾಕ ಸುದ್ದಾ ಆಮ್ಲಜನಕ ಬೇಕಲ್ಲ. ಅದರಾಗ ಇವ್ರು ಹಾಕಿದ ಹಿಂಡಿ ತಳದಾಗ ಕೊಳ್ಯಾಕತ್ತಿದ್ರ ಅದೂ ಇದ್ದದ್ದನ್ನ ಕುಡೀತೈತಿ.

ಮೀನ ಸಾಕೋರು ಇದನ್ನ ನೋಡಿದ ಕೂಡಲೆ ತಿನಿಸ ಬಂದ್ ಮಾಡ್ತಾರ, ಪಂಪ್ ಇದ್ರ ಸುರು ಮಾಡಿ ನೀರ ಚಿಮ್ಮಸ್ತಾರ. ಗಾಳದವ್ರು ಮಾತ್ರ ಇದನ್ನ ಹಸಿವು ಅಂತ ಓದ್ತಾರ. ಈ ಪ್ರಕರಣದಾಗ ಎಲ್ಲಕ್ಕಿಂತ ತುಟ್ಟಿ ಬಿದ್ದ ತೀರ್ಮಾನ ಅಂದ್ರ ನನ್ನ ಲೆಕ್ಕದಾಗ ಇದ, ಆಮ್ಯಾಲ ಕಳಕೊಂಡ ಮೀನಲ್ಲ.

ಇನ್ನೊಂದ ವಿಷಯ, ಗೆಂಡಿ ಜಾತಿಗೆ ಜಠರ ಅನ್ನೂದ ಇಲ್ಲ, ತಿಂದದ್ದು ಸೀದಾ ಕರುಳಿಗೆ. ಅದಕ್ಕ ಒಂದ ಸಲ ಹೊಟ್ಟಿ ತುಂಬ ಉಂಡು ಬಿದ್ದಕೊಳ್ಳೂ ಮೀನಲ್ಲ ಅದು, ಸ್ವಲ್ಪ ಸ್ವಲ್ಪ ದಿನಪೂರ್ತಿ ಮೇಯ್ತೈತಿ. ಆರು ಕೆಜಿ ಹಿಂಡಿ ನಡುವ ನಿಮ್ಮ ಎರಡು ಗೋವಿನಜೋಳದ ಕಾಳು ಇಡೂದು ಅಂದ್ರ ಮದವಿ ಊಟದ ಎಲಿ ತುಂಬ ಬಡಿಸಿ, ಅನ್ನದಾಗ ಒಂದ ಅಗಳಿಗೆ ಗುರ್ತ ಹಾಕಿ ಇದನ್ನ ಮೊದಲ ತಿನ್ರಿ ಅಂದಂಗ.

ಎಂಟೂವರಿ ಆತು, ಏನೂ ಇಲ್ಲ. ಹುಡುಗ ಬ್ಯಾಗ್ ಕಟ್ಟಾಕ ಸುರು ಮಾಡಿದ, "ಗ್ಯಾರೇಜಿನ್ಯಾಗ ನಾಕ ಗಾಡಿ ಕೆಲಸ ಹಂಗ ಬಿದ್ದಾವು, ಇಲ್ಲಿ ಕುಂತು ಏನ್ ಮಾಡೂದೈತಿ." ಮಾಸ್ತರ್ರು ಅವನ ಮ್ಯಾಲ, ಅವ ಮಾಸ್ತರ್ರ ಮ್ಯಾಲ, ಬಕೆಟ್ ಯಾರು ಖಾಲಿ ಮಾಡಿದ್ರು ಅಂತ. ಕಾಕಾ ಇಬ್ರನ್ನೂ ಬಿಟ್ಟು ಕೋಲು ಅಲ್ಲೇ ಇಟ್ಟು ದಂಡಿ ಹಿಡದು ನಡಕೋತ ಹೋದ್ರು.

ತಿರುವು

ಒಂಬತ್ತರ ಸುಮಾರಿಗೆ ಮೋಡ ಹರೀತು, ಬಿಸಲ ಬಿತ್ತು, ಮೂಡಗಾಳಿ ಎದ್ದು ಏರಿ ಕಡಿಂದ ಆಪಿನ ಕಡಿ ನೀರ ನೂಕಾಕತ್ತಿತು. ಕಾಕಾ ಅಲ್ಲಿಂದ ಕೈ ಬೀಸಿ ಕರದ್ರು, ಒದರಲಿಲ್ಲ.

ಅವ್ರು ಅಲ್ಲಿ ನೋಡಿದ್ದು ಗುಳ್ಳಿ. ಆಪಿನ ಅಂಚಿಗೆ, ದಂಡಿಯಿಂದ ಬರೇ ನಾಕು ಮೀಟರ್ ದೂರ, ಸೊಂಟದ ಮಟ್ಟ ನೀರು. ಕೊಳತ ಎಲಿ ಕೆಸರಿಂದ ಬರೂ ಗುಳ್ಳಿ ಒಂದ ಜಾಗದಾಗ ನಿಂತು ಬರ್ತೈತಿ, ಇದು ಗುಂಡಸೂಜಿ ತಲಿಯಷ್ಟು ಸಣ್ಣ ಗುಳ್ಳಿ, ಗೊಂಚಲು ಗೊಂಚಲಾಗಿ ಮುಂದ ಮುಂದ ಸರಕೋತ ಹೊಂಟಿತ್ತು, ಹಿಂದ ನೀರ ಕದಡಿತ್ತು. ತಳ ಕೆದರೂ ಗೆಂಡಿ. ಗಾಳಿ ಬಡಿಯೂ ದಂಡಿಗೆ ಬೆಚ್ಚಗಿನ ಮ್ಯಾಲಿನ ನೀರು ಬಂದು ಸೇರ್ತೈತಿ, ತೆರಿಯೊಳಗ ಗಾಳಿ ಬೆರೀತೈತಿ, ಹಳ್ಳದ ಹರಿಯೂ ನೀರೂ ಅಲ್ಲೇ. ಉಸಿರಾಡಾಕ ಒದ್ದಾಡಿದ ಮೀನ ಮೊದಲ ಸುಧಾರಿಸಿಕೊಳ್ಳೂದು ಅಂಥಾ ಕಡಿ.

ಈಗ ತೀರ್ಮಾನ ಏನಂದ್ರ, ರಾತ್ರಿಪೂರ್ತಿ ರೊಕ್ಕ ಸುರದ ಜಾಗ ಬಿಟ್ಟು ಏಳಬೇಕೋ ಬ್ಯಾಡೋ. ಹಾಕಿದ್ದನ್ನ ನೋಡಿ ಕುಂಡ್ರೂ ಸ್ವಭಾವ ನಮ್ಮದು, ಬೋರ್ ಹೊಡಸೋರು ನೀರ ಬರದಿದ್ರೂ ಇನ್ನೊಂದಿಷ್ಟು ಫೂಟ್ ಅಂತಾರ. ಹುಡುಗ ಬರಂಗಿಲ್ಲ ಅಂದ, ಒಂದ ಸ್ಪ್ರಿಂಗ್ ಅಲ್ಲೇ ಬಿಟ್ಟು ತಾಡಪಾಲಿನ ಕೆಳಗ ಮಕ್ಕೊಂಡ. ಮಾಸ್ತರ್ರು ಒಂದ ರಾಡ್, ಒಂದ ಹಿಡಿ ಗೋವಿನಜೋಳ ಅಷ್ಟ ತಗೊಂಡು ಹೋದ್ರು. ಚಪ್ಪಲಿ ಬಿಟ್ಟು, ಬಾಗಿ, ನೆರಳು ನೀರಿಗೆ ಬೀಳದಂಗ ಕುಂತು, ಬೀಸಲಿಲ್ಲ, ಕೈಯಿಂದ ತೂಗಿ ಮೆಲ್ಲಕ ಗಾಳ ಇಳಿಸಿದ್ರು. ಏಳೆಂಟ ಕಾಳು ಸುತ್ತ ಚೆಲ್ಲಿದ್ರು. ಕಾಕಾ ಹೇಳಿದ್ದು ಅಷ್ಟ.

ಇಪ್ಪತ್ತ ಮಿನಿಟ ಆಗಿರಬೇಕು. ರಾಡಿನ ತುದಿ ನೀರಿಗೆ ಬಗ್ಗಿತು, ಮಾಸ್ತರ್ರು ಎತ್ತಿದ್ರು, ಆಪಿನ ಹೊರಗ ಒಂದ ದೊಡ್ಡ ಸುಳಿ ಎದ್ದು ಮೀನ ನಡು ಕೆರಿಗೆ ಎಳಕೊಂಡು ಹೊಂಟಿತು, ರೀಲ್ ಮಾತ್ರ ದಾರ ಬಿಡವಲ್ದು, ಎರಡ ಸೆಕೆಂಡ್, ಫಟ್.

ಮಾಸ್ತರ್ರ ಬಾಯಿಂದ ಏನ್ ಬಂತು ಅನ್ನೂದು ಇಲ್ಲಿ ಬ್ಯಾಡ, ಮಕ್ಕಳಿಗೆ ಕಲಸೂ ಮಂದಿ.

ಆದ್ರ ಅವ್ರು ಅದರ ನಂತರ ಮಾಡಿದ ಕೆಲಸ ನನಗ ಭಾಳ ಸೇರ್ತು. ಸಿಟ್ಟಿನ್ಯಾಗ ಮತ್ತ ಗಾಳ ಕಟ್ಟಿ ಒಗೀಲಿಲ್ಲ, ಹರದ ದಾರದ ತುದಿ ಹಿಡದು ಬಿಸಲಿಗೆ ನೋಡಿದ್ರು. ಗಂಟು ಜಾರಿ ಬಿಚ್ಚಿದ್ರ ತುದಿ ಸುರುಳಿ ಸುತ್ತಿಕೊಂಡಿರ್ತೈತಿ. ಇದು ಸುರುಳಿ ಇರಲಿಲ್ಲ, ತುದಿ ಎಳಿಎಳಿ ಆಗಿ ಬೆಳ್ಳಗ ಆಗಿತ್ತು, ಉಗುರಲ್ಲೆ ಹಿಡದು ಮ್ಯಾಲ ಎಳಕೋತ ಹ್ವಾದ್ರ ಇನ್ನೂ ಎರಡ್ಮೂರು ಮೀಟರ್ ತನಕ ದಾರ ತರಿತರಿ. ಅಂದ್ರ ಗಂಟು ಗಟ್ಟಿ ಇತ್ತು. ರಾತ್ರಿಪೂರ್ತಿ ಪಿಚಿಂಗ್ ಕಲ್ಲಿಗೆ ಉಜ್ಜಿ ಉಜ್ಜಿ ದಾರ ಸವದಿತ್ತು, ಅದಕ್ಕ ಬಿಗಿ ಡ್ರ್ಯಾಗ್ ಕೂಡಿತು. ಎರಡರಾಗ ಒಂದ ಇದ್ದಿದ್ರ ಮೀನ ಉಳೀತಿತ್ತೇನೋ. ತುದಿ ನೋಡದ ಗಂಟಿನ ಮ್ಯಾಲ ತಪ್ಪ ಹೊರಿಸಿ, ಗಂಟ ಬದಲಿಸಿ, ಅದ ಸವದ ದಾರಕ್ಕ ಮತ್ತ ಗಾಳ ಕಟ್ಟಿದ್ರ ಎರಡನೇ ಮೀನೂ ಹೋಗ್ತಿತ್ತು, ಇದರಾಗ ಎರಡ ಮಾತಿಲ್ಲ.

ಐದಾರು ಮೀಟರ್ ದಾರ ಕತ್ತರಿಸಿ ತಗದ್ರು. ಹೊಸಾ ಗಂಟು, ಎಂಜಲು ಹಚ್ಚಿ ಒದ್ದಿ ಮಾಡಿ ಬಿಗದ್ರು. ಡ್ರ್ಯಾಗ್ ಸಡ್ಲ ಮಾಡಿ, ಕಾಕಾನ ಕೈಯಾಗ ದಾರ ಕೊಟ್ಟು ಜಗ್ಗಸಿ ನೋಡಿದ್ರು, ಸರ್ರ್ ಅಂತ ಬಿಡಬೇಕು. ಇಷ್ಟಾದ ಮ್ಯಾಲೂ ಕೂಡಲೆ ಗಾಳ ಹಾಕಲಿಲ್ಲ. ಗುಳ್ಳಿ ನಿಂತಿದ್ದು, ಕಾಕಾ ಎಲಿ ಅಡಕಿ ತಗದು, "ಕುಂಡ್ರು, ಮತ್ತ ಬರ್ತಾವ" ಅಂದ್ರು. ಮುಕ್ಕಾಲ ತಾಸು ಸುಮ್ಮಕ ಕುಂತಿದ್ದು.

ಎರಡನೇ ಸಲ

ಹನ್ನೊಂದೂವರಿ ದಾಟಿತ್ತು. ಈ ಸಲ ಮೀನ ಓಡಿದಾಗ ರೀಲ್ ಕೂಗಿತು, ಇಪ್ಪತ್ತು ಮೂವತ್ತು ಮೀಟರ್ ದಾರ ಹೋತು, ನಿಂತಿತು, ಮಾಸ್ತರ್ರು ಸುತ್ತಿದ್ರು, ಮತ್ತ ಓಡಿತು. ಆಪಿನೊಳಗ ನುಗ್ಗಾಕ ನೋಡ್ತು, ರಾಡ್ ಅಡ್ಡ ಹಿಡದು ಬದಿಗೆ ಎಳದು ತಿರುಗಿಸಿದ್ರು, ಮ್ಯಾಲ ಎತ್ತಿ ಹಿಡದ್ರ ದೊಡ್ಡ ಮೀನ ತಿರಗಂಗಿಲ್ಲ.

ಗದ್ದಲ ಕೇಳಿ ಹುಡುಗ ಓಡಿ ಬಂದ, ಬಂದಾಂವನ ಪ್ಯಾಂಟ್ ಏರಿಸಿ ನೀರಿಗೆ ಇಳ್ಯಾಕ ಹೊಂಟ. ಕಾಕಾ ಮೊದಲನೇ ಸಲ ಜೋರ ಮಾಡಿದ್ರು, "ಲೇ, ಇಳಿಬ್ಯಾಡ! ಅಲ್ಲಿ ಹೂಳೈತಿ, ಕಾಲ ಸಿಕ್ಕೊಂಡ್ರ ನಿನ್ನ ಎಳ್ಯಾಕ ಯಾರ ಬರ್ತಾರ?" ಹಳ್ಳ ಕೂಡೂ ಕಡಿ ಯಾವಾಗಲೂ ಹೂಳು ಜಾಸ್ತಿ, ಮ್ಯಾಲಿಂದ ಸೊಂಟದ ನೀರು ಕಂಡ್ರೂ ಕೆಳಗ ಇನ್ನೂ ಅಷ್ಟು ಕೆಸರಿರ್ತೈತಿ. ಇವ್ರ ಹತ್ರ ಮೀನ ಎತ್ತೂ ಬಲಿ ಇರಲಿಲ್ಲ, ಸಾವಿರಾರು ರೂಪಾಯಿ ರಾಡು ತಂದೋರು ಬಲಿ ಮರತಿದ್ರು. ಮಾಸ್ತರ್ರು ದಂಡಿ ಹಿಡದು ಹತ್ತ ಹೆಜ್ಜಿ ಹಿಂದ ಹಿಂದ ನಡದು ಹುಲ್ಲಿನ ಇಳಿಜಾರಿಗೆ ಮೀನ ತಂದ್ರು, ಅದು ಬದಿಗೆ ಬಿದ್ದ ಮ್ಯಾಲ ಕಾಕಾ ಒದ್ದಿ ಗೋಣಿಚೀಲ ಕೆಳಗ ತೂರಿಸಿ ಎಳಕೊಂಡ್ರು.

ಗೆಂಡಿ. ಎರಡು ಜೋಡಿ ಮೀಸಿ, ಬಂಗಾರ ಬಣ್ಣದ ಹೊಟ್ಟಿ, ಕಾವಲಿನವನ ತಕ್ಕಡ್ಯಾಗ 6 ಕೆಜಿ 400 ಗ್ರಾಂ. ಮುಳ್ಳು ಕೆಳತುಟಿ ನಡುವ ಸಿಕ್ಕಿತ್ತು, ಹೇರ್ ರಿಗ್ ಎಲ್ಲಿ ಸಿಗಬೇಕೋ ಅಲ್ಲೇ.

ಮಾಸ್ತರ್ರು ಇದನ್ನ ಬಿಡ್ತೀನಿ ಅಂದ್ರು. ಕಾವಲಿನಾಂವ, "ಬಿಡ್ರಿ ಸರ್ರ, ನಿಮ್ಮ ಇಷ್ಟ, ಆದ್ರ ತಕ್ಕಡಿಗೆ ಏರೇತಿ, ರೊಕ್ಕ ಕೊಡಬೇಕಾಕ್ಕೈತಿ." ಒಂದ ಫೋಟೋ, ಕಾಲ್ ಮಿನಿಟ, ಮೀನ ನೀರಾಗ. ರೊಕ್ಕ ಕಾವಲಿನವನ ಕಿಸೆದಾಗ. ಕಾಕಾನ ಮಾರಿ ಅವಾಗ ನೋಡಬೇಕಿತ್ತು, ಆರು ಕೆಜಿ ಸಾರು ಕಣ್ಣ ಮುಂದ ಈಸಿಕೊಂಡು ಹೋತು.

ಇಲ್ಲಿಗೆ ಮುಗಿಸಿದ್ರ ಲೆಕ್ಕ ಸಾಪ್ ಬರ್ತಿತ್ತು, ಜಾಸ್ತಿ ತಿನಿಸು ಕೆಟ್ಟದ್ದು, ಜಾಗ ಬದಲಿಸೂದು ಚೊಲೊ ಅಂತ. ಆದ್ರ ಒಂದ ಗಂಟಿಗೆ ಏನಾತು ಅಂದ್ರ, ಏರಿ ಕಡಿ ಹುಡುಗ ಬಿಟ್ಟು ಬಂದಿದ್ದ ಸ್ಪ್ರಿಂಗ್ ಗಾಳದ ರಾಡು ಕಲ್ಲಿನ ಮ್ಯಾಲಿಂದ ನೀರಿಗೆ ಬೀಳೂದೊಂದ ಬಾಕಿ. ಓಡಿ ಹೋಗಿ ಎಳದ್ರ ಮೃಗಾಲ್. ಮತ್ತ ಹಾಕಿದ, ಮತ್ತೊಂದು. ಎರಡೂವರಿ ಒಳಗ ಮೂರು ಮೃಗಾಲ್, ಎಲ್ಲಾ ಒಂದರಿಂದ ಒಂದೂವರಿ ಕೆಜಿ ಒಳಗ, ಎಲ್ಲಾ ಆ ಹಿಂಡಿ ಸುರದ ಜಾಗದಾಗ.

ಹಂಗಾದ್ರ ಹಿಂಡಿ ಕೆಲಸ ಮಾಡ್ತು ಅಂತೀರೇನು? ಹುಡುಗ ಹಂಗ ಅಂತಾನ. ಮಾಸ್ತರ್ರು ಅಂತಾರ, ಬಿಸಲ ಬಿದ್ದು ನಾಕ ತಾಸಾಗಿತ್ತು, ಗಾಳಿ ಬೀಸಿ ನೀರ ಸುಧಾರಿಸಿತ್ತು, ಮೀನ ಅವಾಗ ಎಲ್ಲಿ ಇದ್ರೂ ತಿಂತಿದ್ದು, ಒಂದ ಕೆಜಿ ಹಾಕಿದ್ರೂ ಆ ಮೂರು ಬರ್ತಿದ್ದು, ಹತ್ತ ಗಂಟಿಗೇ ಬರ್ತಿದ್ದು. ನಾನು ಮಾಸ್ತರ್ರ ಕಡಿ ವಾಲ್ತೀನಿ, ಯಾಕಂದ್ರ ಆಪಿನ ಕಡಿ ಮೀನು ಎರಡು ತಾಸು ಮುಂಚೆನ ಬಾಯಿ ಹಾಕಿದ್ವು, ಅಲ್ಲಿ ಇದ್ದ ತಿನಿಸು ಒಂದ ಹಿಡಿ ಕಾಳು. ಆದ್ರ ಮನಿಗೆ ಮೀನ ಒಯ್ದಾಂವ ಹುಡುಗ ಒಬ್ಬನ, ಅವನ ವಾದಕ್ಕ ತೂಕ ಐತಿ ಅನ್ನೂದು ತಕ್ಕಡ್ಯಾಗ ಕಂಡೈತಿ. ಜಾಗ ಬಿಟ್ಟು ಎದ್ದದ್ದು ಸರಿ, ಎಲ್ಲಾರೂ ಎದ್ದು ಹೋಗದ ಒಂದ ಗಾಳ ಹಳೇ ಜಾಗದಾಗ ಉಳದದ್ದೂ ಸರಿ ಆತು, ಅದು ಹುಡುಗನ ಹಟದಿಂದ ಆಗಿದ್ದು ಬ್ಯಾರೆ ಮಾತು.

ನಡು ಕೆರಿ ಕಾಟ್ಲಾ ಮಾತ್ರ ಹೋಗೂ ತನಕ ಹಾರ್ಕೋತ ಇದ್ವು. ಅವಕ್ಕ ಯಾರೂ ಮ್ಯಾಲಿನ ನೀರಾಗ ಗಾಳ ಹಾಕಿ ನೋಡ್ಲೇ ಇಲ್ಲ, ಬೆಂಡಿನ ಕೆಳಗ ಎರಡ ಫೂಟಿಗೆ ಮೆತ್ತನ ಹಿಂಡಿ ಇಳಿಬಿಟ್ಟಿದ್ರ ಒಂದ ಕೈ ನೋಡಬಹುದಿತ್ತು. ಮುಂದಿನ ಸಲಕ್ಕ ಆ ಕೆಲಸ ಕಾಕಾಗ ವಹಿಸ್ಯಾರ. ತಿನಿಸು ಎರಡು ಕೆಜಿ ಮ್ಯಾಲ ತರೂದಿಲ್ಲ ಅಂತ ಮಾಸ್ತರ್ರು, ನಾಕಾದ್ರೂ ಬೇಕು ಅಂತ ಹುಡುಗ, ಫೋನ್ನ್ಯಾಗ ಇನ್ನೂ ಜಗಳ ನಡದೈತಿ. ಬಲಿ ಅಂತೂ ಹುಡುಗ ಹುಬ್ಬಳ್ಳ್ಯಾಗ ತಗೊಂಡಾನ, ಕಾಕಾಂದು ಒಂದ ಷರತ್ತು, ಈ ಸಲ ಹಿಡದದ್ದನ್ನ ತೂಕಕ್ಕ ಹಾಕೂಕಿಂತ ಮೊದಲ ಬಿಡೂದೋ ಒಯ್ಯೂದೋ ಹೇಳಬೇಕಂತ.